ತುಂಗೆಯ ಬಾಣ ತಿರುಗಿಸಿದ್ದು

ಪಾಠ ಯೋಜನೆಯ ಪುಸ್ತಕದಲ್ಲಿ 'ಪೂರ್ವಜ್ಞಾನ' ಎಂದೊಂದು ಸಾಲು ಇರುತ್ತದೆ. ತರಗತಿ, ಘಟಕ, ಅವಧಿ, ಉದ್ದೇಶ ಎಲ್ಲಕ್ಕೂ ಜಾಗ ಕೊಟ್ಟ ಮೇಲೆ ಉಳಿದ ಎರಡು ಬೆರಳಿನಷ್ಟು ಜಾಗ. ಕಲಿಸಲು ಹೊರಟ ವಿಷಯದಲ್ಲಿ ಮಕ್ಕಳಿಗೆ ಈಗಾಗಲೇ ಏನು ಗೊತ್ತಿದೆ ಎಂದು ಅಲ್ಲಿ ಬರೆಯಬೇಕು. ಬಿ.ಇಡಿ. ಓದುತ್ತಿದ್ದ ನಾವೆಲ್ಲ ಬರೆಯುತ್ತಿದ್ದದ್ದು ಒಂದೇ ವಾಕ್ಯ: 'ವಿದ್ಯಾರ್ಥಿಗಳಿಗೆ ಈ ವಿಷಯದ ಬಗ್ಗೆ ಅಲ್ಪಸ್ವಲ್ಪ ತಿಳಿದಿರುತ್ತದೆ.' ಹಿಂದಿನ ವರ್ಷದವರು ಹಾಗೆ ಬರೆದಿದ್ದರು, ಅವರ ಹಿಂದಿನವರೂ ಹಾಗೆಯೇ. ಪಾಠ ಶಾಸನದ್ದಾದರೂ ಅದೇ, ಶಿಲೆಯದ್ದಾದರೂ ಅದೇ. ನಮಗೆ ಸಮಾಜ ವಿಜ್ಞಾನದ ಬೋಧನಾ ವಿಧಾನ ಕಲಿಸುತ್ತಿದ್ದ ಮೇಡಂ ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು 'ಯಾರು ಹೇಳಿದ್ದು?' ಎಂದು ಬರೆದು ಪುಸ್ತಕ ವಾಪಸು ಕೊಡುತ್ತಿದ್ದರು. ನನ್ನ ಮೊದಲ ಹತ್ತು ಯೋಜನೆಗಳಲ್ಲಿ ಹತ್ತಕ್ಕೂ ಹಾಗೆ ಬರೆದಿದ್ದರು. ಇನ್ನೊಬ್ಬಳ ಪುಸ್ತಕದಲ್ಲಿ ಮಾತ್ರ ಅಲ್ಲಿ ಸಣ್ಣದೊಂದು ರೈಟ್ ಗುರುತು ಇರುತ್ತಿತ್ತು.

ಆ ರೈಟ್ ಗುರುತಿನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು ಎಂದು ಈಗ ಬರೆಯಲು ನಾಚಿಕೆಯೇನಿಲ್ಲ. ಆಗ ಇತ್ತು.

ಎರಡು ಸಾವಿರದ ಆರರ ಆಸುಪಾಸಿನ ಮಾತು. ದೀಪಾವಳಿ ಕಳೆದ ಮೇಲೆ ನಮ್ಮ ಕಾಲೇಜಿನಿಂದ ಆರು ಮಂದಿಯನ್ನು ಬೋಧನಾಭ್ಯಾಸಕ್ಕೆಂದು ಕೊಪ್ಪದಿಂದ ಹರಿಹರಪುರಕ್ಕೆ ಹೋಗುವ ದಾರಿಯ ಒಂದು ಅನುದಾನಿತ ಪ್ರೌಢಶಾಲೆಗೆ ಹಾಕಿದರು. ಸಮಾಜ ವಿಜ್ಞಾನಕ್ಕೆ ಇಬ್ಬರು: ನಾನು ಮತ್ತು ಆ ರೈಟ್ ಗುರುತಿನವಳು. ಅವಳ ಅಪ್ಪ ಅಮ್ಮ ಇಬ್ಬರೂ ಶೃಂಗೇರಿ ಕಡೆಯ ಶಾಲೆಗಳಲ್ಲಿ ಶಿಕ್ಷಕರು. ನಾನು ಮನಸ್ಸಿನಲ್ಲಿ ಅವಳನ್ನು ಮೇಷ್ಟ್ರ ಮಗಳು ಎಂದೇ ಕರೆಯುತ್ತಿದ್ದೆ. ನನ್ನ ಅಪ್ಪ ಹರಿಹರಪುರದ ಆಚೆ ತುಂಗಾ ಹೊಳೆಯಲ್ಲಿ ದೋಣಿ ಹಾಯಿಸುತ್ತಿದ್ದವರು. ಸೇತುವೆ ಆದ ಮೇಲೆ ದೋಣಿ ದಡಕ್ಕೆ ಬಿತ್ತು, ಅಪ್ಪ ಕೂಲಿಗೆ ಬಿದ್ದರು. ನಮ್ಮ ಮನೆಯಲ್ಲಿ, ನಮ್ಮ ಕೇರಿಯಲ್ಲಿ, ಡಿಗ್ರಿ ಅಂತ ಆದದ್ದು ನಾನೊಬ್ಬಳೇ. ಅದನ್ನು ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚ ಇರಲಿಲ್ಲ, ಕೇಳದವರಿಗೂ ಹೇಳುತ್ತಿದ್ದೆ.

ಮೊದಲ ದಿನವೇ ಹೆಡ್ಮಾಸ್ತರು ನಮ್ಮಿಬ್ಬರನ್ನು ಕರೆದು ಕೂರಿಸಿ, ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರು ಮಾರ್ಚಿಗೆ ನಿವೃತ್ತರಾಗುತ್ತಾರೆ, ಜೂನ್‌ನಿಂದ ಹಂಗಾಮಿಯಾಗಿ ಒಬ್ಬರು ಬೇಕು, ನಿಮ್ಮಿಬ್ಬರ ವಿಮರ್ಶಾ ಪಾಠ ನೋಡಿ ಒಬ್ಬರಿಗೆ ಹೇಳುತ್ತೇವೆ ಎಂದರು. ವಿಮರ್ಶಾ ಪಾಠವೆಂದರೆ ಮೇಡಂ, ಹೆಡ್ಮಾಸ್ತರು, ಉಳಿದ ಅಭ್ಯಾಸಿಗಳು ಎಲ್ಲರೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಪಾಠ. ಮುಗಿದ ಮೇಲೆ ಎಲ್ಲರೂ ಸೇರಿ, ಪಾಠ ಮಾಡಿದವಳ ಎದುರಿಗೇ ತಪ್ಪು ಒಪ್ಪು ಆಡುತ್ತಾರೆ. ಮನೆಗೆ ಎರಡು ಮೈಲಿಯೊಳಗೆ ಒಂದು ಹೈಸ್ಕೂಲಿನ ಕೆಲಸ! ಆ ಹೊತ್ತಿನಿಂದ ನನಗೆ ಆ ಶಾಲೆಯ ಬೀಗದ ಕೈಯೂ ನನ್ನದೇ ಅನ್ನಿಸತೊಡಗಿತು.

ಅವಳ ಹತ್ತಿರ ಇದ್ದದ್ದನ್ನೆಲ್ಲ ನಾನು ಎಣಿಸಿಟ್ಟಿದ್ದೆ. ಬಟ್ಟೆ ಅಂಟಿಸಿ, ಮೇಲೆ ಕೆಳಗೆ ಮರದ ಪಟ್ಟಿ ಹೊಡೆದ ಚಾರ್ಟುಗಳು. ತುದಿಗೆ ಹಿತ್ತಾಳೆಯ ಟೊಪ್ಪಿ ಇದ್ದ ಕೋಲು, ಅವಳ ಅಪ್ಪ ಇಪ್ಪತ್ತು ವರ್ಷ ಹಿಡಿದದ್ದಂತೆ. ಕಂದು ಕಾಗದದ ಹೊದಿಕೆ ಹಾಕಿದ ಪಾಠ ಯೋಜನೆ ಪುಸ್ತಕ, ಅದರ ಕರಡನ್ನು ಅವಳ ಅಮ್ಮ ಭಾನುವಾರ ತಿದ್ದಿ ಕೊಡುತ್ತಿದ್ದರು. ನನ್ನ ಕರಡನ್ನು ತಿದ್ದಲು ನಮ್ಮ ಮನೆಯಲ್ಲಿ ಓದು ಬಂದವರೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಉರಿಸಿದ್ದು ಅವಳ ಕೈ. ಕರ್ನಾಟಕದ ನಕ್ಷೆಯನ್ನು ಬೀದರಿನಿಂದ ಶುರು ಮಾಡಿ, ಸೀಮೆಸುಣ್ಣ ಎತ್ತದೆ ಸುತ್ತಿಕೊಂಡು ಬಂದು ಮತ್ತೆ ಬೀದರಿಗೆ ಸರಿಯಾಗಿ ಸೇರಿಸುತ್ತಿದ್ದಳು. ನಾನು ಬರೆದರೆ ಹೊರಟ ಬೀದರಿಗೂ ಬಂದು ಮುಟ್ಟಿದ ಬೀದರಿಗೂ ನಡುವೆ ಒಂದು ತಾಲೂಕು ಹಿಡಿಸುವಷ್ಟು ಬಿರುಕು. ಮತ್ತೆ ಅವಳ ಮಾತು: ಬರೆದಿಟ್ಟದ್ದನ್ನು ಓದಿದ ಹಾಗೆ. ನಾನು ಬಾಯಿ ಬಿಟ್ಟರೆ 'ಎಂತ' ಬರುತ್ತಿತ್ತು. ನನ್ನ ಪುಸ್ತಕದಲ್ಲಿ ಮೇಡಂ 'ಆಡುಮಾತು ಕಡಿಮೆ ಮಾಡಿ' ಎಂದು ಮೂರು ಸಲ ಬರೆದಿದ್ದರು.

ಕಲಿಕೆಯ ಸಿದ್ಧಾಂತಗಳಲ್ಲಿ ಮಾತ್ರ ನಾನು ಅವಳಿಗೆ ಕಡಿಮೆ ಇರಲಿಲ್ಲ. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿ, ಪೆಟ್ಟಿಗೆಯೊಳಗೆ ಪರಚಾಡಿ ಪರಚಾಡಿ ಅಗುಳಿ ತೆಗೆಯಲು ಕಲಿತ ಬೆಕ್ಕು, ಎರಡು ಕೋಲು ಸೇರಿಸಿ ಬಾಳೆಹಣ್ಣು ಎಳೆದುಕೊಂಡ ಮಂಗ, ಎಲ್ಲವೂ ಬಾಯಿಪಾಠ. ಆ ವರ್ಷ ಹೊಸದಾಗಿ 'ರಚನಾವಾದ' ಬಂದಿತ್ತು. ಮಗು ಖಾಲಿ ಕೊಡವಲ್ಲ, ತನಗೆ ಗೊತ್ತಿದ್ದದ್ದರ ಮೇಲೆ ತಾನೇ ಹೊಸ ಅರಿವು ಕಟ್ಟಿಕೊಳ್ಳುತ್ತದೆ ಎಂದು ಜೆರಾಕ್ಸ್ ಹಾಳೆಗಳಲ್ಲಿ ಇತ್ತು. ಅದನ್ನೂ ಉರುಹೊಡೆದೆ. ಉರು ಹೊಡೆಯಬಾರದು ಎನ್ನುವುದನ್ನೇ ಉರು ಹೊಡೆಯುತ್ತಿದ್ದೇನೆ ಎಂದು ಹೊಳೆಯಲಿಲ್ಲ.

ನಮ್ಮಿಬ್ಬರಿಗೂ ಸಿಕ್ಕ ಘಟಕ ಒಂದೇ, ಕರ್ನಾಟಕದ ನದಿಗಳು. ಎಂಟನೇ ಎ ಸೆಕ್ಷನ್ ಅವಳಿಗೆ, ಬಿ ನನಗೆ. ನನ್ನ ಹನ್ನೊಂದನೇ ಪಾಠ ವಿಮರ್ಶೆಯದ್ದಲ್ಲ, ಸಾದಾ ಅಭ್ಯಾಸದ ಪಾಠ. ಮೇಡಂ ಹಿಂದೆ ಕುಳಿತಿದ್ದರು, ಪಕ್ಕದಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಮೇಷ್ಟ್ರ ಮಗಳು. ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಿ ಬರೆಯುವುದು ನಿಯಮ. ನಾನು ಗೋಡೆಯ ನಕ್ಷೆ ತೋರಿಸಿ, ಕಪ್ಪುಹಲಗೆಯಲ್ಲಿ ತುಂಗೆಯನ್ನು ಬರೆದೆ. ಶೃಂಗೇರಿ ಕೆಳಗೆ, ಅದರ ಮೇಲೆ ಹರಿಹರಪುರ, ಅದರ ಮೇಲೆ ತೀರ್ಥಹಳ್ಳಿ, ತುದಿಯಲ್ಲಿ ಶಿವಮೊಗ್ಗ. ಹರಿವಿನ ದಿಕ್ಕಿಗೆ ಬಾಣ ಹಾಕಿದೆ, ಕೆಳಗಿನಿಂದ ಮೇಲಕ್ಕೆ. ಅಷ್ಟರಲ್ಲಿ ಜವಾನ ಬಂದು ಮೇಡಂಗೆ ಕಾಲೇಜಿನಿಂದ ಫೋನ್ ಬಂದಿದೆ ಎಂದ. ಅವರು ಎದ್ದು ಹೋದರು.

ಎರಡನೇ ಬೆಂಚಿನಲ್ಲಿ ಕೊಪ್ಪದ ಪೇಟೆಯ ಸೈಕಲ್ ಅಂಗಡಿಯವರ ಮಗಳು ಕೂರುತ್ತಿದ್ದಳು. ಎದ್ದು ನಿಂತು ಕೇಳಿದಳು.

"ಟೀಚರ್, ಹೊಳೆ ಮೇಲ್ಮುಖ ಹರೀತದಾ?"

ತರಗತಿ ನಕ್ಕಿತು. ನಾನು ಬೋರ್ಡು ನೋಡಿದೆ. ಶೃಂಗೇರಿ ಕೆಳಗಿದೆ, ಶಿವಮೊಗ್ಗ ಮೇಲಿದೆ, ಬಾಣ ಮೇಲಕ್ಕೆ ಹೋಗುತ್ತಿದೆ. ಹುಟ್ಟಿದಾಗಿನಿಂದ ನಮ್ಮ ಬಾಯಲ್ಲಿ ಶೃಂಗೇರಿ ಮೇಲೆ, ತೀರ್ಥಹಳ್ಳಿ ಕೆಳಗೆ. ಉಡುಪಿ ಮಂಗಳೂರು ಘಟ್ಟದ ಕೆಳಗೆ, ನಾವು ಘಟ್ಟದ ಮೇಲೆ. ಹೊಳೆಯಲ್ಲಿ ಕೊಡ ಬಿಟ್ಟರೆ ಅದು ಕೆಳಗೆ ಹೋಗುತ್ತದೆ, ಎಂದೂ ಮೇಲಕ್ಕೆ ಹೋದದ್ದಿಲ್ಲ. ಎಲ್ಲೋ ತಪ್ಪಿದ್ದೇನೆ ಅನ್ನಿಸಿತು. ಡಸ್ಟರ್ ತೆಗೆದುಕೊಂಡು ಬಾಣ ಒರೆಸಿದೆ. ಶಿವಮೊಗ್ಗದಿಂದ ಶೃಂಗೇರಿಗೆ, ಮೇಲಿನಿಂದ ಕೆಳಕ್ಕೆ, ತಿರುಗಿಸಿ ಬರೆದೆ. "ಹೀಗೆ. ಬರ್ಕೊಳ್ಳಿ" ಎಂದೆ. ಎಲ್ಲರೂ ಬರೆದುಕೊಂಡರು.

ತಿರುಗಿ ನೋಡಿದರೆ ಮೇಷ್ಟ್ರ ಮಗಳ ಪೆನ್ನು ನಿಂತಿತ್ತು.

ಗಂಟೆ ಹೊಡೆದು ಮಕ್ಕಳು ಹೊರಗೆ ಹೋಗುವಾಗ ನನಗೆ ತಲೆ ತಿಳಿಯಾಯಿತು. ಹೊಳೆಯ ದಡದಲ್ಲಿ ಹುಟ್ಟಿದ ನಾನು ಹೊಳೆಯನ್ನು ಉಲ್ಟಾ ಹರಿಸಿದ್ದೆ. ಅವಳು ವೀಕ್ಷಣಾ ಪುಸ್ತಕದ ನನ್ನ ಪುಟ ಹರಿದು ಕೊಟ್ಟಳು, ಒಂದು ಪ್ರತಿ ನಮಗೆ ಕೊಡಬೇಕಿತ್ತು. 'ವಿಷಯ ಪ್ರಭುತ್ವ' ಎಂಬಲ್ಲಿ 'ಉತ್ತಮ' ಎಂದಿತ್ತು. ಬಾಣದ ಸುದ್ದಿಯೇ ಇಲ್ಲ. ಮೇಡಂ ವಾಪಸು ಬಂದವರು ಅದನ್ನೇ ಓದಿ ಸಹಿ ಹಾಕಿದರು.

ಬೈದು ಬರೆದಿದ್ದರೆ ನಾನು ಅವಳನ್ನು ಅಷ್ಟು ದ್ವೇಷಿಸುತ್ತಿರಲಿಲ್ಲವೇನೋ. ಅವಳು ನನ್ನನ್ನು ಕಾಪಾಡಿದ್ದು ಉರಿಯುವ ಒಲೆಗೆ ಸೀಮೆಎಣ್ಣೆ ಹಾಕಿದ ಹಾಗಾಯಿತು. ಇವಳಿಗೆ ಕರುಣೆಯೂ ಇದೆ, ಅದೂ ಇವಳದ್ದೇ ಅಂತ ಕುದ್ದೆ.

ಕಾಲೇಜಿನ ನಿಯಮದಂತೆ ವಾರವೆಲ್ಲ ಉಳಿದವರ ಜೊತೆ ಕೊಪ್ಪದ ರೂಮಿನಲ್ಲೇ ಇರಬೇಕಿತ್ತು. ಭಾನುವಾರ ಮನೆಗೆ ಹೋದೆ. ಶಾಲೆಯಿಂದ ಸಣ್ಣದೊಂದು ಕಾಗದದ ನಕ್ಷೆ ತಂದಿದ್ದೆ. ಜಗುಲಿಯ ಮೇಲೆ ಹರಡಿ, ಅಪ್ಪನನ್ನು ಕರೆದು, ಇದು ತುಂಗಾ, ಇದು ಶೃಂಗೇರಿ, ಇದು ತೀರ್ಥಹಳ್ಳಿ ಎಂದು ಬೆರಳಿಟ್ಟು ತೋರಿಸಿದೆ. ಅಪ್ಪ ನಕ್ಷೆ ನೋಡಿದ್ದು ಅದೇ ಮೊದಲು. ಒಂದು ಗಳಿಗೆ ನೋಡಿ, ಹಾಳೆಯ ಮೂಲೆ ಹಿಡಿದು ಗಿರಕ್ಕನೆ ತಿರುಗಿಸಿದರು. ಅಕ್ಷರವೆಲ್ಲ ತಲೆಕೆಳಗಾಯಿತು.

"ಅಪ್ಪಾ, ಉಲ್ಟಾ ಆಯ್ತು" ಎಂದೆ.

"ಎಂತ ಉಲ್ಟಾ ಕೂಸೆ? ಶೃಂಗೇರಿ ಆ ಕಡೆ." ಅಪ್ಪ ಹೊಳೆಯ ಮೇಲುಭಾಗಕ್ಕೆ ಕೈ ತೋರಿಸಿದರು. "ತೀರ್ಥಹಳ್ಳಿ ಈ ಕಡೆ. ನೀ ಇಟ್ಟಿದ್ದೇ ಉಲ್ಟಾ."

ನೋಡಿದೆ. ಜಗುಲಿಯ ಮೇಲಿನ ಹಾಳೆಯ ಶೃಂಗೇರಿ ನಿಜವಾದ ಶೃಂಗೇರಿಯ ಕಡೆಗೆ ಇತ್ತು. ಹಾಳೆಯ ಗೆರೆ, ತೋಟದಾಚೆ ಹರಿಯುತ್ತಿದ್ದ ಹೊಳೆಯ ಪಕ್ಕಕ್ಕೆ ಪಕ್ಕವಾಗಿ ಮಲಗಿತ್ತು. ಶಾಲೆಯಲ್ಲಿ ಇದನ್ನು ಗೋಡೆಗೆ ನೇತು ಹಾಕಿ ಮಕ್ಕಳಿಗೆ ತೋರಿಸುತ್ತೇವೆ ಎಂದೆ. ಅಪ್ಪ ಎದ್ದು ಕೊಟ್ಟಿಗೆಯ ಕಡೆಗೆ ಹೊರಟವರು, "ಹೊಳೆ ಗೋಡೆ ಹತ್ತುತದಾ? ನಿಮ್ಮ ಶಾಲೇಲಿ ಹತ್ತುತದೇನೋ" ಎಂದರು. ಅವರಿಗೆ ಅದು ದೊಡ್ಡ ವಿಷಯವೇ ಆಗಿರಲಿಲ್ಲ. ನಾನು ಮಾತ್ರ ಅಲ್ಲೇ ಕುಳಿತಿದ್ದೆ. ಎರಡು ಕೋಲು ಕೈಯಲ್ಲಿ ಹಿಡಿದು ತಿಂಗಳುಗಟ್ಟಲೆ ಬಾಳೆಹಣ್ಣು ನೋಡುತ್ತಿದ್ದ ಆ ಮಂಗ ನಾನೇ ಎಂದು ಆಗ ಗೊತ್ತಾಯಿತು.

ನಮ್ಮ ಮಕ್ಕಳಿಗೆ 'ಮೇಲೆ' ಎಂದರೆ ಎತ್ತರ, ನೀರು ಬರುವ ಕಡೆ. ನಕ್ಷೆಗೆ 'ಮೇಲೆ' ಎಂದರೆ ಉತ್ತರ. ತುಂಗೆಯಾದರೂ ಭದ್ರೆಯಾದರೂ ನಮ್ಮ ಸೀಮೆಯಲ್ಲಿ ಉತ್ತರಕ್ಕೇ ಹರಿಯುವುದು. ಹಾಗಾಗಿ ಗೋಡೆಯ ಮೇಲೆ ಎರಡೂ ಹೊಳೆಗಳು ಏರು ಹತ್ತಿದಂತೆ ಕಾಣುತ್ತವೆ. ಒಂದು ಶಬ್ದದೊಳಗೆ ಎರಡು ಅರ್ಥ ಕುಳಿತು ಮಕ್ಕಳನ್ನೂ ನನ್ನನ್ನೂ ಬೀಳಿಸಿದ್ದವು. ಇದು ಎ ಸೆಕ್ಷನ್ನಿನ ಮಕ್ಕಳಿಗೂ ಆಗಿರಲೇಬೇಕು, ಅವರು ಕೇಳಿರಲಿಕ್ಕಿಲ್ಲ, ಅಷ್ಟೆ. ಬುಧವಾರ ಅವಳ ವಿಮರ್ಶಾ ಪಾಠ. ಶುಕ್ರವಾರ ನನ್ನದು. ಅವಳಿಗೆ ಇದನ್ನು ಹೇಳಬೇಕಿತ್ತು. ಸೋಮವಾರ ಒಟ್ಟಿಗೆ ಊಟ ಮಾಡಿದೆವು, ಮಂಗಳವಾರ ಒಂದೇ ಬಸ್ಸಿನಲ್ಲಿ ನಿಂತು ಬಂದೆವು. ಹೇಳಲಿಲ್ಲ.

ಬುಧವಾರದ ಅವಳ ಪಾಠ ಪುಸ್ತಕದಲ್ಲಿ ಇರುವ ಹಾಗೆ ನಡೆಯಿತು. ಪೀಠಿಕೆಗೆ ಐದು ಪ್ರಶ್ನೆ, ಐದಕ್ಕೂ ಉತ್ತರ. ಉದ್ದೇಶಕಥನ, ನಿರೂಪಣೆ, ನಡುನಡುವೆ ಪ್ರಶ್ನೆ, ಹಿತ್ತಾಳೆ ಟೊಪ್ಪಿಯ ಕೋಲು ತಲಕಾವೇರಿಯಿಂದ ಹೊರಟು ಒಂದು ಸಲವೂ ದಾರಿ ತಪ್ಪಲಿಲ್ಲ. ನಲವತ್ತು ನಿಮಿಷಕ್ಕೆ ಸರಿಯಾಗಿ ಮನೆಗೆಲಸ ಕೊಟ್ಟಳು. ಹೆಡ್ಮಾಸ್ತರು ತಲೆ ಆಡಿಸುತ್ತಲೇ ಇದ್ದರು. ಕೊನೆಯ ಐದು ನಿಮಿಷ ಮಕ್ಕಳು ಖಾಲಿ ನಕ್ಷೆಯಲ್ಲಿ ನದಿಗಳನ್ನು ಗುರುತಿಸಿ ಬಾಣ ಹಾಕುವಾಗ, ವೀಕ್ಷಕಳೆಂಬ ನೆಪದಲ್ಲಿ ನಾನು ಬೆಂಚುಗಳ ನಡುವೆ ಹೋದೆ. ಅರ್ಧಕ್ಕಿಂತ ಹೆಚ್ಚು ಪುಸ್ತಕಗಳಲ್ಲಿ ತುಂಗೆ ಶಿವಮೊಗ್ಗದಿಂದ ಇಳಿದು ಶೃಂಗೇರಿಗೆ ಬರುತ್ತಿತ್ತು. ಒಬ್ಬಳು ಪಶ್ಚಿಮಕ್ಕೆ ಇರಬೇಕಾದ ಉಡುಪಿಯನ್ನು ಶೃಂಗೇರಿಯ ನೇರ ಕೆಳಗೆ, ಘಟ್ಟದ ಕೆಳಗೆ, ಇಟ್ಟಿದ್ದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ವಿಮರ್ಶೆಗೆ ಸ್ಟಾಫ್ ರೂಮಿನಲ್ಲಿ ಸೇರಿದೆವು. ಉಳಿದ ಅಭ್ಯಾಸಿಗಳು ಧ್ವನಿ ಚೆನ್ನಾಗಿತ್ತು, ಕಪ್ಪುಹಲಗೆ ಕೆಲಸ ಅಚ್ಚುಕಟ್ಟು, ಎಂದರು. ನನ್ನ ಸರದಿ ಬಂದಾಗ ಎದ್ದು ನಿಂತು, ಹರಿವಿನ ದಿಕ್ಕು ಮಕ್ಕಳಿಗೆ ಅರ್ಥವೇ ಆಗಿಲ್ಲ, ಬೇಕಾದರೆ ಪುಸ್ತಕ ತರಿಸಿ ನೋಡಿ ಎಂದೆ. ಪುಸ್ತಕಗಳು ಬಂದವು. ಮೇಡಂ ಒಂದೊಂದಾಗಿ ತೆರೆದರು. ಮೇಷ್ಟ್ರ ಮಗಳು ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಹಿತ್ತಾಳೆಯ ತುದಿಯನ್ನೇ ಉಜ್ಜುತ್ತಿದ್ದಳು.

ಮೇಡಂ ಕನ್ನಡಕ ತೆಗೆದು ನನ್ನನ್ನು ಕೇಳಿದರು. "ನಿಮ್ಮ ಬಿ ಸೆಕ್ಷನ್ನಿನಲ್ಲಿ?"

"ನಮ್ಮಲ್ಲಿ ಸರಿಯಿದೆ ಮೇಡಂ" ಎಂದೆ.

ಎದುರಿಗೇ ಅವಳಿದ್ದಳು. ನಾನು ಬಾಣ ತಿರುಗಿಸಿದ್ದನ್ನು ನೋಡಿದವಳು ಅವಳೊಬ್ಬಳೇ. ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದಳು, ಮತ್ತೆ ಕೋಲು ನೋಡಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. "ಹಾಗಾದರೆ ಶುಕ್ರವಾರ ಇದನ್ನೇ ಮಾಡಿ ತೋರಿಸಿ. ಪುಸ್ತಕ ನಾನು ನೋಡುತ್ತೇನೆ" ಎಂದು ಮೇಡಂ ಎದ್ದರು.

ಎಲ್ಲರೂ ಹೋದ ಮೇಲೆ ಜಗುಲಿಯಲ್ಲಿ ಅವಳೇ ನನ್ನ ಹತ್ತಿರ ಬಂದಳು.

"ನಿನ್ನ ಮಕ್ಕಳ ಪುಸ್ತಕದಲ್ಲೂ ಉಲ್ಟಾ ಇದೆ ಅಲ್ಲನೆ? ನೀನೇ ಬರೆಸಿದ್ದು."

"ಅಲ್ಲೇ ಹೇಳ್ಬೇಕಿತ್ತು. ಎಂತಕ್ಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತ್ಲೇ ಇತ್ತು, ನಾಲಿಗೆ ತುದಿಗೆ ಬಂದಿತ್ತು." ಅವಳ ಮಾತು ಮೊದಲ ಸಲ ಬರೆದಿಟ್ಟ ಹಾಗಿರಲಿಲ್ಲ. "ನಂಗೂ ಹೊಟ್ಟೆ ಉರೀತದೆ ಮಾರಾಯ್ತಿ. ಮೂರು ವಾರ ಆಯ್ತು, ನನ್ನ ಕ್ಲಾಸಲ್ಲಿ ಒಂದು ಮಗು ಎದ್ದು ನಿಂತು ಪ್ರಶ್ನೆ ಕೇಳ್ಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಕೊಡ್ತಾವೆ, ಅಷ್ಟೆ. ನಿನ್ನತ್ರ ಕೇಳ್ತಾವೆ. ನೀ ಅವರ ಹಾಂಗೇ ಮಾತಾಡ್ತಿ. ಮೇಡಂ ಅದನ್ನ ಕಡಿಮೆ ಮಾಡು ಅಂತ ಬರೆದಾಗೆಲ್ಲ ನಂಗೆ ಸಮಾಧಾನ ಆಗ್ತಿತ್ತು."

ಅವಳ ಅಸೂಯೆ ಕೇಳಿ ನನಗೆ ಹಿತವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಹಿತವಾಯಿತು. ಆ ಹಿತದಲ್ಲೇ ಅಪ್ಪ ಹಾಳೆ ತಿರುಗಿಸಿದ್ದನ್ನು ಅವಳಿಗೆ ಹೇಳಿದೆ. ಗೋಡೆಯ ನಕ್ಷೆಯನ್ನು ನೆಲಕ್ಕೆ ಹಾಸಿ ಪಾಠ ಮಾಡುತ್ತೇನೆ ಎಂದೆ.

ಗುರುವಾರ ಬೆಳಿಗ್ಗೆ ಹೆಡ್ಮಾಸ್ತರು ಅದಕ್ಕೆ ಒಪ್ಪಲಿಲ್ಲ. ನಕ್ಷೆಯನ್ನು ನೆಲಕ್ಕೆ ಹಾಕುವುದುಂಟಾ, ಮಕ್ಕಳ ಕಾಲು ತಾಗುತ್ತದೆ, ಎಂದರು. ಅವರು ಹೇಳಿದ್ದು ನಿಜವೇ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮಕ್ಕಳು ನಕ್ಷೆಯ ಸುತ್ತ ನಿಂತು ಹೊಳೆಯನ್ನು ನೋಡುವುದು ಬಿಟ್ಟು ತಮ್ಮ ಕಾಲನ್ನೇ ನೋಡುತ್ತಿದ್ದರು. ಹಾಗಾದರೆ ಅಂಗಳದಲ್ಲಿ, ಖೋಖೋ ಗೆರೆಗೆ ಹಾಕುವ ಸುಣ್ಣದ ಪುಡಿಯಲ್ಲಿ ಬರೆಯಬಹುದಾ ಎಂದು ಕೇಳಿದೆ. ಅದಕ್ಕೆ ಹೂಂ ಎಂದರು. ಆದರೆ ಬರೆಯುವವರು ಯಾರು? ನನ್ನ ಕರ್ನಾಟಕ ಕೂಡುವುದಿಲ್ಲವಲ್ಲ. ನಾಚಿಕೆ ನುಂಗಿ ಅವಳನ್ನೇ ಕೇಳಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಸೂರ್ಯ ಇಳಿಯುವ ಕಡೆ ಪಶ್ಚಿಮ ಹಿಡಿದು, ಉತ್ತರವನ್ನು ಗುರುತು ಹಾಕಿಕೊಂಡು ಅವಳು ಪ್ರಯೋಗಕ್ಕೊಮ್ಮೆ ಬರೆದಳು. ಬಗ್ಗಿ, ಹಿಂದೆ ಹಿಂದೆ ನಡೆಯುತ್ತ, ಬೀದರಿನಿಂದ ಬೀದರಿಗೆ. ನಾನು ಒಂದು ಕೊಡ ನೀರು ತಂದು ಶೃಂಗೇರಿಯಲ್ಲಿ ಸುರಿದೆ. ನೀರು ನೆಟ್ಟಗೆ ಕೇರಳಕ್ಕೆ ಹೋಯಿತು. ಅಂಗಳದ ಇಳಿಜಾರು ಇದ್ದದ್ದೇ ದಕ್ಷಿಣಕ್ಕೆ.

ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ನೋಡಿದೆವು. "ಶೃಂಗೇರಿ ಅಡೀಗೆ ಮಣ್ಣು ಹಾಕು. ಘಟ್ಟ ಮಾಡು" ಎಂದಳು. ಬೇಲಿಯ ಬುಡದಿಂದ ಕೆಂಪು ಮಣ್ಣು ಬುಟ್ಟಿಯಲ್ಲಿ ತಂದು, ಪಶ್ಚಿಮದ ಅಂಚಿಗೆ ಗುಡ್ಡ ಪೇರಿಸಿ, ಉತ್ತರಕ್ಕೆ ಇಳಿಜಾರು ಮಾಡಿ, ಬೆರಳಲ್ಲಿ ಹೊಳೆಯ ಹಾದಿ ಕೊರೆದೆವು. ಈ ಸಲ ನೀರು ಹೇಳಿದ ಮಾತು ಕೇಳಿತು. ಮಣ್ಣು ಹಾಕು ಎಂದದ್ದು ಅವಳು ಎಂಬುದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಉಳಿದದ್ದು ಪಾಠ ಯೋಜನೆ ಬರೆಯುವುದು. ರೂಮಿನಲ್ಲಿ ಕುಳಿತು ತರಗತಿ, ಘಟಕ, ಉದ್ದೇಶ ಎಲ್ಲ ಬರೆದು ಪೂರ್ವಜ್ಞಾನದ ಹತ್ತಿರ ಬಂದಾಗ ಪೆನ್ನು ನಿಂತಿತು. ಬಿ ಸೆಕ್ಷನ್ನಿನ ನಲವತ್ತು ಮಕ್ಕಳಿಗೆ ತುಂಗೆಯ ಬಗ್ಗೆ ಈಗ ಏನು ಗೊತ್ತಿದೆ ಎಂದು ನನ್ನಷ್ಟು ಸರಿಯಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ದಾರಿ ಎರಡಿತ್ತು. ಬೆಳಿಗ್ಗೆ ಬೇಗ ಹೋಗಿ ಮಕ್ಕಳ ಪುಸ್ತಕ ತರಿಸಿ, ಬಾಣ ಒರೆಸಿ ತಿದ್ದಿ ಬಿಡುವುದು. ಹತ್ತು ನಿಮಿಷದ ಕೆಲಸ, ಯಾರಿಗೂ ತಿಳಿಯುತ್ತಿರಲಿಲ್ಲ, ಅವಳೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಪುಸ್ತಕದ ಬಾಣ ತಿದ್ದಿದರೆ ಮಕ್ಕಳ ತಲೆಯ ಬಾಣ ತಿದ್ದುವುದು ಹೇಗೆ? ಅವರು ಸರಿಯಾದ ಪ್ರಶ್ನೆ ಕೇಳಿದ್ದರು, ನಾನು ತಪ್ಪು ಉತ್ತರ ಬರೆಸಿದ್ದೆ. ಅಲ್ಲಿಂದಲೇ ಪಾಠ ಶುರುವಾಗಬೇಕು, ಬೇರೆ ಎಲ್ಲಿಂದ ಶುರು ಮಾಡಿದರೂ ಅದು ನಾಟಕ. ಮತ್ತು ನಿಜ ಹೇಳಬೇಕೆಂದರೆ ಅವಳ ಮೌನದ ಹಂಗಿನಲ್ಲಿ ಆ ಕೆಲಸ ಪಡೆಯುವುದು ನನಗೆ ಬೇಡವಾಗಿತ್ತು.

ಬರೆದೆ: 'ತುಂಗಾ ನದಿಯು ಶಿವಮೊಗ್ಗದಿಂದ ಶೃಂಗೇರಿಗೆ ಹರಿಯುತ್ತದೆ ಎಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಅವರಿಗೆ ಹಾಗೆ ಕಲಿಸಿದವಳು ನಾನು.'

ಶುಕ್ರವಾರ ಎರಡನೇ ಅವಧಿ. ಹಿಂದಿನ ಬೆಂಚಿನಲ್ಲಿ ಎಲ್ಲರೂ ಕುಳಿತರು. ಮೇಡಂ ಯೋಜನೆ ಪುಸ್ತಕ ತೆರೆದವರು ಒಂದೇ ಕಡೆ ನೋಡುತ್ತಿದ್ದರು. ನಾನು ಮಕ್ಕಳಿಗೆ, ಆವತ್ತು ನಾನು ಬೋರ್ಡಿನಲ್ಲಿ ತುಂಗೆಯ ಬಾಣ ತಿರುಗಿಸಿದ್ದು ನೆನಪಿದೆಯಾ ಎಂದು ಕೇಳಿದೆ. ಮಕ್ಕಳು ಹಿಂದೆ ತಿರುಗಿ ಹೆಡ್ಮಾಸ್ತರನ್ನು ನೋಡಿದರು. ಸೈಕಲ್ ಅಂಗಡಿಯವರ ಮಗಳು ಎದ್ದಳು.

"ನಾ ಹೇಳಿದ್ದಕ್ಕೆ ತಿರುಗಿಸಿದ್ರಿ ಟೀಚರ್."

"ನೀ ಕೇಳಿದ್ದು ಸರಿ ಇತ್ತು. ನಾ ತಿರುಗಿಸಿದ್ದು ತಪ್ಪು" ಎಂದೆ. "ಬನ್ನಿ, ಅಂಗಳಕ್ಕೆ ಹೋಗುವ."

ಅಂಗಳದಲ್ಲಿ ಮೊದಲು ನಕ್ಷೆಯ ಸುದ್ದಿಯನ್ನೇ ಎತ್ತಲಿಲ್ಲ. ತೀರ್ಥಹಳ್ಳಿ ಯಾವ ಕಡೆ, ಕೈ ತೋರಿಸಿ ಎಂದೆ. ನಲವತ್ತು ಕೈ ಒಂದೇ ಕಡೆಗೆ ಎದ್ದವು. ಶೃಂಗೇರಿ ಎಂದೆ, ಅಷ್ಟೂ ಕೈ ಅದರ ಎದುರು ಕಡೆಗೆ ಹೋದವು. ಆಮೇಲೆ ಸುಣ್ಣದ ಗೆರೆಯೊಳಗೆ ಒಬ್ಬೊಬ್ಬರನ್ನು ನಿಲ್ಲಿಸಿದೆ: ಒಬ್ಬಳು ಶೃಂಗೇರಿ, ಒಬ್ಬ ಹರಿಹರಪುರ, ಒಬ್ಬ ತೀರ್ಥಹಳ್ಳಿ, ಮೇಗುಂದದ ಹುಡುಗಿ ಶಿವಮೊಗ್ಗ. ಅವರು ಕೈ ತೋರಿಸಿದ ಕಡೆಗೇ ನಕ್ಷೆಯ ಊರೂ ಇತ್ತು. ಬರಿಗಾಲಲ್ಲಿ ಸುಣ್ಣ ತುಳಿಯಲು ಯಾರೂ ಹೆದರಲಿಲ್ಲ. ಶೃಂಗೇರಿಯಾದವಳ ಕೈಗೆ ಕೊಡ ಕೊಟ್ಟೆ. ನೀರು ಗುಡ್ಡದಿಂದ ಇಳಿದು ಹರಿಹರಪುರದ ಕಾಲು ಒದ್ದೆ ಮಾಡಿ, ತೀರ್ಥಹಳ್ಳಿಯ ಹತ್ತಿರ ಮಣ್ಣಿಗೆ ಇಂಗಿ ನಿಂತುಬಿಟ್ಟಿತು. ಶಿವಮೊಗ್ಗದವಳು, ನಮಗೆ ನೀರೇ ಬರಲಿಲ್ಲ ಎಂದು ತಕರಾರು ತೆಗೆದಳು. ಇನ್ನೊಂದು ಕೊಡ ತರಿಸಿದೆ. ಅದರಲ್ಲೇ ಹನ್ನೆರಡು ನಿಮಿಷ ಹೆಚ್ಚು ಹೋಯಿತು.

ಒಳಗೆ ಬಂದು ನಕ್ಷೆಯನ್ನು ಮೇಜಿನ ಮೇಲೆ ಅಂಗಳದಲ್ಲಿದ್ದ ದಿಕ್ಕಿಗೇ ಮಲಗಿಸಿದೆ. ಮಕ್ಕಳು ಸುತ್ತ ನಿಂತು ನೋಡಿದರು. ಆಮೇಲೆ ಅದನ್ನು ಹಾಗೇ ಎತ್ತಿ ಗೋಡೆಯ ಮೊಳೆಗೆ ನೇತು ಹಾಕಿ, ಈಗ ಹೊಳೆ ಮೇಲ್ಮುಖ ಹರಿಯುತ್ತಾ ಇದೆಯಾ ಎಂದು ಕೇಳಿದೆ.

ಸೈಕಲ್ ಅಂಗಡಿಯವರ ಮಗಳು ಮೇಜನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದಳು. "ಹೊಳೆ ಅಲ್ಲೇ ಇದೆ ಟೀಚರ್. ನಕ್ಷೆ ಎದ್ದು ನಿಂತದ್ದು."

ಯಾವ ಜೆರಾಕ್ಸ್ ಹಾಳೆಯಲ್ಲೂ ನಾನು ಅಷ್ಟು ಒಳ್ಳೆಯ ವಾಕ್ಯ ಓದಿರಲಿಲ್ಲ.

ವಿಮರ್ಶೆಯಲ್ಲಿ ತಪ್ಪುಗಳ ಪಟ್ಟಿ ಉದ್ದವಿತ್ತು. ಅವಧಿ ಮೀರಿದೆ, ಕಪ್ಪುಹಲಗೆ ಕೆಲಸವೇ ಇಲ್ಲ, ಮೌಲ್ಯಮಾಪನದ ಎರಡು ಪ್ರಶ್ನೆ ಉಳಿದವು, ಆಡುಮಾತು ಹೆಚ್ಚು. ಜಗುಲಿಯೆಲ್ಲ ಕೆಸರಾಯಿತು ಎಂದು ಹೆಡ್ಮಾಸ್ತರು ಸೇರಿಸಿದರು. ಮೇಡಂ ಮಾತ್ರ ಬಿ ಸೆಕ್ಷನ್ನಿನ ಪುಸ್ತಕಗಳನ್ನು ಒಂದೂ ಬಿಡದೆ ನೋಡಿದರು. ಹಳೆಯ ಬಾಣಗಳ ಮೇಲೆ ಅಡ್ಡಗೆರೆ ಎಳೆದು ಮಕ್ಕಳೇ ಹೊಸ ಬಾಣ ಹಾಕಿದ್ದರು. ಮೇಷ್ಟ್ರ ಮಗಳು ಕೊನೆಗೆ ಎದ್ದು, ನಾನೂ ಎ ಸೆಕ್ಷನ್ನಿಗೆ ಈ ಪಾಠವನ್ನು ಹೀಗೇ ಮತ್ತೆ ಮಾಡುತ್ತೇನೆ ಎಂದಳು. ಮಣ್ಣಿನ ಗುಡ್ಡ ತನ್ನ ಯೋಚನೆ ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದನ್ನು ಮೊದಲ ಸಲ ಈಗ ಬರೆಯುತ್ತಿದ್ದೇನೆ.

ಸಂಜೆ ಪುಸ್ತಕ ವಾಪಸು ಬಂತು. ಪೂರ್ವಜ್ಞಾನದ ಸಾಲಿನಲ್ಲಿ 'ಯಾರು ಹೇಳಿದ್ದು?' ಇರಲಿಲ್ಲ. ಅಲ್ಲೊಂದು ಸಣ್ಣ ರೈಟ್ ಗುರುತು ಇತ್ತು.

ಕೆಲಸ ಅವಳಿಗೆ ಆಯಿತು. ಪಾಠ ಒಳ್ಳೆಯದಿತ್ತು, ಆದರೆ ಮಕ್ಕಳ ಎದುರಿಗೇ ತನ್ನ ತಪ್ಪು ಹೇಳಿಕೊಳ್ಳುವ ಟೀಚರಿಗೆ ಮರ್ಯಾದೆ ಉಳಿಯುವುದಿಲ್ಲ ಎಂದು ಹೆಡ್ಮಾಸ್ತರು ಹೇಳಿದರಂತೆ, ಮೇಡಂ ಮುಚ್ಚಿಡದೆ ತಿಳಿಸಿದರು. ಮನೆಯಲ್ಲಿ ಅಪ್ಪನಿಗೆ ಏನು ಹೇಳಬೇಕೆಂದು ತಿಳಿಯದೆ ಎರಡು ವಾರ ಊರಿಗೆ ಹೋಗಲಿಲ್ಲ. ಜೂನ್‌ನಲ್ಲಿ ನನಗೆ ಮುತ್ತಿನಕೊಪ್ಪದ ಕಡೆಯ ಒಂದು ಶಾಲೆಯಲ್ಲಿ ಹಂಗಾಮಿ ಕೆಲಸ ಸಿಕ್ಕಿತು. ಅಲ್ಲಿ ಭದ್ರೆ. ಅವಳೂ ಗೋಡೆಯ ಮೇಲೆ ಏರು ಹತ್ತುವವಳೇ.

ಮಳೆ ಮುಗಿದು ಅಂಗಳ ಒಣಗಿದ ಮೇಲೆ, ಒಂದು ಸೋಮವಾರ ಊರಿನಿಂದ ಕೊಪ್ಪಕ್ಕೆ ನಾನು ಬರುತ್ತಿದ್ದ ಬಸ್ಸು ಅವಳ ಶಾಲೆಯ ಎದುರು ನಿಂತಿತು. ರಸ್ತೆ ಎತ್ತರದಲ್ಲಿ, ಶಾಲೆಯ ಅಂಗಳ ತಗ್ಗಿನಲ್ಲಿ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಸುಣ್ಣದ ಕರ್ನಾಟಕ, ಪಶ್ಚಿಮಕ್ಕೆ ಕೆಂಪು ಮಣ್ಣಿನ ಗುಡ್ಡ, ಊರುಗಳಾಗಿ ನಿಂತ ಮಕ್ಕಳು, ನಡುವೆ ಕೋಲಿಲ್ಲದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅವಳು. ಒಂದು ಮಗು ಕೈಯೆತ್ತಿ ಏನನ್ನೋ ಕೇಳುತ್ತಿತ್ತು. ನನ್ನ ಅಪ್ಪನ ಹೊಳೆ, ಅವಳ ಅಂಗಳ.

ನನ್ನ ಕಣ್ಣು ಮೊದಲು ಹೋದದ್ದು ತುಂಗೆಗೆ ಸುಣ್ಣದಲ್ಲಿ ಹಾಕಿದ್ದ ಬಾಣದ ಕಡೆಗೆ. ತಪ್ಪಾಗಿರಲಿ ಎಂದು ಒಂದು ಗಳಿಗೆ ಬಯಸಿದೆ. ಸರಿಯಾಗಿಯೇ ಇತ್ತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವಿಗೆ ಬರುವವರೆಗೂ ನೋಡಿದೆ. ಅವಳ ಗೆರೆ ಬೀದರಿನಿಂದ ಹೊರಟು ಬೀದರಿಗೇ ಬಂದು ಕೂಡಿಕೊಂಡಿತ್ತು. ನನ್ನದು ಇವತ್ತಿಗೂ ಕೂಡುವುದಿಲ್ಲ.